ಆಷಾಢದ ಕಂಬ

ಕಾಶಪ್ಪ ಆ ಸುಳ್ಳನ್ನು ಬೇಕೆಂದು ಹೇಳಿದ್ದಲ್ಲ. ಬಾಯಲ್ಲಿ ಉಪ್ಪಿಟ್ಟಿತ್ತು, ಎದುರಿಗೆ ಬೀಗರಾಗಬೇಕಾದವರು ಕೂತಿದ್ದರು, ಮಾತು ಸಮುದ್ರದ ಕಡೆ ಹೊರಳಿತ್ತು. ಉಪ್ಪಿಟ್ಟಿನ ಜೊತೆ ಒಳಗೆ ಹೋಗಬೇಕಾದ ಮಾತು ದಾರಿ ತಪ್ಪಿ ಹೊರಗೆ ಬಂತು, ಅಷ್ಟೇ.

ಬಂದವರು ಹುನಗುಂದದ ಮಹಾಂತಪ್ಪನವರು. ಮಗ ಶಿವಪ್ರಕಾಶನಿಗೆ ಹೆಣ್ಣು ನೋಡಲು ಬಾಗಲಕೋಟೆಯ ನವನಗರಕ್ಕೆ ಬಂದಿದ್ದರು. ಹೆಣ್ಣೆಂದರೆ ಕಾಶಪ್ಪನ ಒಬ್ಬಳೇ ಮಗಳು ಪದ್ಮಶ್ರೀ. ಮಣ್ಣು ಪರೀಕ್ಷೆ ಮಾಡುವ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಹುಡುಗ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿ, ಮಾತಾಡಿ, ಒಪ್ಪಿ ಬಹಳ ದಿನವಾಗಿತ್ತು. ಉಳಿದದ್ದು ಹಿರಿಯರ ಉಪ್ಪಿಟ್ಟು ಮಾತ್ರ.

ಮಹಾಂತಪ್ಪನವರು ಬ್ಯಾಂಕಿನಲ್ಲಿದ್ದಾಗ ಕೆಲವು ವರ್ಷ ಕಾರವಾರದಲ್ಲಿ ಮ್ಯಾನೇಜರರಾಗಿದ್ದರು. ನಿವೃತ್ತಿಯಾದ ಮೇಲೆ ಬ್ಯಾಂಕನ್ನು ಮರೆತರು, ಕಾರವಾರವನ್ನು ಮರೆಯಲಿಲ್ಲ. ಚಹಾ ಬಂದರೆ ಕಾರವಾರದ ಚಹಾ, ಗಾಳಿ ಬೀಸಿದರೆ ಕಾರವಾರದ ಗಾಳಿ. ಅವತ್ತು ಮಾತು ಹಾಯಿದೋಣಿಗೆ ಬಂದು ನಿಂತಿತ್ತು.

"ಬಿಳೇ ಬಟ್ಟಿ ಬಿಚ್ಚಿ ಗಾಳಿಗಿ ಕೊಟ್ರ, ಹಂಸಪಕ್ಷಿ ಹೋದಂಗ ಹೋಗ್ತೈತ್ರಿ," ಎಂದರು ಮಹಾಂತಪ್ಪ. "ಪಾಪ, ನಮ್ಮ ಕಡಿ ಮಂದಿ ಅದನ್ನ ಕಣ್ಣಿಲೆ ಸುದ್ದಾ ನೋಡಿರೂದಿಲ್ಲ."

ಆ 'ಪಾಪ' ಎಂಬ ಮಾತು ಕಾಶಪ್ಪನಿಗೆ ಚುಚ್ಚಿತು.

"ಯಾಕ ನೋಡಿಲ್ರಿ? ನಮ್ಮ ಮನ್ಯಾಗ ಒಂದು ಐತಲ್ರಿ," ಎಂದುಬಿಟ್ಟ.

ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶಿವಬಸವ್ವ, ಗಂಡ ಇನ್ನೊಂದು ಸಂಸಾರ ಇಟ್ಟ ಸುದ್ದಿ ಕೇಳಿದವಳಂತೆ ಅವನ ಮುಖ ನೋಡಿದಳು. ಮಹಾಂತಪ್ಪನವರ ಮೀಸೆ ಅರ್ಧ ಬೆರಳು ಮೇಲೇರಿತು.

"ಹೌದ? ಎಲ್ಲೈತ್ರಿ?"

"ಗೋಡೌನಿನಾಗ ಐತ್ರಿ. ಊರ ಹೊರಗಿನ ಹಿನ್ನೀರು ತುಂಬಿದಾಗಷ್ಟ ತಗೀತೇವಿ."

"ಹಂಗಾದ್ರ ಭಾಳ ಚಲೋ ಆತು. ಈಗ ಆಷಾಢ, ಲಗ್ನದ ಮಾತು ಆಡೂದಲ್ಲ. ಹಿನ್ನೀರು ತುಂಬಲಿ, ಒಂದು ಐತವಾರ ಬರ್ತೇನಿ. ಇಬ್ರೂ ನಿಮ್ಮ ದೋಣ್ಯಾಗ ಕುಂತು ಅಡ್ಡಾಡಿ ಬರೂಣು. ಆಮ್ಯಾಲ ಒಪ್ಪಿಗಿ ಮಾತು ಆಡೂಣಂತ."

ಹೀಗೆ ಮಗಳ ಮದುವೆ ಒಂದು ದೋಣಿಗೆ ಗಂಟುಬಿತ್ತು. ಆ ದೋಣಿ ಇರಲಿಲ್ಲ.

ಬೀಗರ ಕಾರು ಓಣಿ ದಾಟಿದ್ದೇ ಪದ್ಮಶ್ರೀ ಅಂದಳು: "ಅಪ್ಪಾ, ಈಗ ಫೋನ್ ಹಚ್ಚು. ಬಾಯಿ ತಪ್ಪಿ ಅಂದೆ ಅಂತ ಹೇಳಿಬಿಡು. ನಕ್ಕು ಬಿಟ್ಟುಬಿಡ್ತಾರ."

"ನಗೂದು ಇವತ್ತು ನಗ್ತಾರ," ಎಂದ ಕಾಶಪ್ಪ. "ನಾಳೆ ನೀ ಆ ಮನ್ಯಾಗ ಹಾಲು ಉಕ್ಕಿಲ್ಲ ಅಂದ್ರ, 'ಸುಳ್ಳ್ಯಾನ ಮಗಳು ಹೇಳಾಕತ್ತಾಳ, ಹೋಗಿ ನೋಡ್ರಿ' ಅಂತಾರ. ನನ್ನ ಸುಳ್ಳು ನಿನ್ನ ಬೆನ್ನಿಗಿ ಬರಬಾರದವ್ವಾ. ದೋಣಿ ತರ್ತೇನಿ. ತಂದಮ್ಯಾಲ ಅದು ಸುಳ್ಳs ಅಲ್ಲ."

ಈ ತರ್ಕದಲ್ಲಿ ತಪ್ಪು ಹುಡುಕುವುದು ಶಿವಬಸವ್ವನಿಗೂ ಆಗಲಿಲ್ಲ. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದಳು.

ಕಾಶಪ್ಪನ ಕಸುಬನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಅವನು ಹಂದರ ಹಾಕುವವನು. ಮದುವೆ, ಸಭೆ, ಭಾಷಣ, ಎಲ್ಲದಕ್ಕೂ ಕಂಬ ನೆಟ್ಟು ಬಟ್ಟೆ ಕಟ್ಟಿ ನೆರಳು ಮಾಡಿಕೊಡುವ ಚಪ್ಪರದ ಗುತ್ತಿಗೆದಾರ. ಅವನ ಹೆಸರಿದ್ದದ್ದು ಗಂಟಿನಿಂದ. ಒಂದು ಸಲ ಬಾದಾಮಿಯಲ್ಲಿ ಗಾಳಿ ಎದ್ದು ಪಕ್ಕದ ಮನೆಯ ತಗಡು ಹಾರಿ ಹೋಯಿತು, ಕಾಶಪ್ಪನ ಹಂದರ ಜಗ್ಗಲಿಲ್ಲ. ಅವನು ಹಾಕಿದ ಗಂಟನ್ನು ಬಿಚ್ಚುವ ಪದ್ಧತಿಯೇ ಇಲ್ಲ. ಮದುವೆ ಮುಗಿದ ಮೇಲೆ ಕುಡಗೋಲಿನಿಂದ ಹಗ್ಗ ಕೊಯ್ಯುತ್ತಾರೆ.

ಅವನ ಜೊತೆಗಾರ ಶಾಬುದ್ದೀನ. ಇಬ್ಬರೂ ಮೀಸೆ ಚಿಗುರುವ ಕಾಲದಿಂದ ಕೂಡಿ ಕಂಬ ನೆಟ್ಟವರು. ಈ ಶಾಬುದ್ದೀನನೇ ದೋಣಿಯ ಸುಳಿವು ತಂದ. ತುಂಗಭದ್ರೆಯ ಹಿನ್ನೀರಿನ ದಂಡೆಯಲ್ಲಿ ಯಾವುದೋ ರೆಸಾರ್ಟು ಮುಚ್ಚಿಹೋಗಿತ್ತು, ಅಂಗಳದಲ್ಲಿ ಒಂದು ಪುಟ್ಟ ಹಾಯಿದೋಣಿ ಬೋರಲು ಬಿದ್ದು ಕೋಳಿಗೂಡಾಗಿತ್ತು. ಕಾಶಪ್ಪ ತನ್ನ ಹಳೆಯ ಜನರೇಟರ್ ಕೊಟ್ಟು ಅದನ್ನು ತಂದ. ಕೋಳಿಗಳನ್ನು ಬಿಟ್ಟು ಬಂದರು.

ತಂದದ್ದು ಕದ್ದುಮುಚ್ಚಿ. ವರ್ಷಗಟ್ಟಲೆ ಗೋಡೌನಿನಲ್ಲಿದೆ ಎಂದ ದೋಣಿ ಈ ವಾರವಷ್ಟೇ ಬಂತೆಂದು ಓಣಿಗೆ ತಿಳಿದರೆ, ಅಂದೇ ಸಂಜೆ ಹುನಗುಂದಕ್ಕೂ ತಿಳಿಯುತ್ತದೆ. ಯಾಕೆಂದರೆ ಗೋಡೆಯಾಚೆಗಿನ ಹನಮಪ್ಪ ನಿವೃತ್ತ ಬಸ್ ಕಂಡಕ್ಟರು. ಜೀವಮಾನವೆಲ್ಲ ಹುನಗುಂದ, ಇಳಕಲ್ಲ ರೂಟಿನಲ್ಲಿ ಓಡಾಡಿದವನು. ಬಸ್ಸು ಬಿಟ್ಟರೂ ಸುದ್ದಿ ಸಾಗಿಸುವುದನ್ನು ಬಿಟ್ಟಿರಲಿಲ್ಲ. ಆದ್ದರಿಂದ ದೋಣಿ ಕುರ್ಚಿ, ಜಮಖಾನೆಗಳ ಕೆಳಗೆ ಅಡಗಿ ಬಂತು. ಮನೆ ಮುಂದಿನ ರಸ್ತೆ ಬದಿಯಲ್ಲಿ, ಹಂದರದ ಸಾಮಾನು ಸಾಗಿಸುವ ನಾಲ್ಕು ಗಾಲಿಯ ತಳ್ಳುಗಾಡಿಯ ಮೇಲೆ, ನೀಲಿ ತಾಡಪತ್ರಿ ಹೊದ್ದು ಕೂತಿತು. ಗಾಡಿ ಉರುಳದಂತೆ ಗಾಲಿಗೆ ಒಂದು ಗುಂಡುಕಲ್ಲು ಒತ್ತಾಗಿ ಇಟ್ಟರು. ಹಿನ್ನೀರಿನ ತನಕ ತಳ್ಳಬೇಕಲ್ಲ ಎಂದು ಗಾಲಿಗಳಿಗೆ ಧಾರಾಳವಾಗಿ ಗ್ರೀಸು ಹಚ್ಚಿದರು.

ಹಿನ್ನೀರು ತುಂಬಿತ್ತು, ಆ ಐತವಾರ ಬೀಗರು ಬರುವವರಿದ್ದರು. ಶುಕ್ರವಾರ ಬೆಳಿಗ್ಗೆ ಇಬ್ಬರೂ ದೋಣಿ ಕಟ್ಟಲು ಕೂತರು.

ದೋಣಿಯ ಜೊತೆ ಬಂದದ್ದು: ಒಂದು ಉದ್ದ ಕಂಬ, ಒಂದು ಗಿಡ್ಡ ಕೋಲು, ಮೂಲೆ ಹರಿದ ಹಾಯಿ, ಹಿಂದೆ ಸಿಕ್ಕಿಸುವ ಚುಕ್ಕಾಣಿ, ಒಂದು ನುಣುಪಾದ ಹಲಗೆ, ಶಾವಿಗೆ ಹೊಸೆದಂತೆ ಗೋಜಲಾದ ಹಗ್ಗ. ಹೇಗೆ ಕಟ್ಟಬೇಕೆಂದು ಹೇಳುವವರು ಬಂದಿರಲಿಲ್ಲ.

"ಮಾಲಕ್ರ, ದೋಣಿ ನಡಬರಕ ಒಂದು ಸೀಳು ಐತಿ," ಎಂದ ಶಾಬುದ್ದೀನ, ಒಳಗೆ ಬಗ್ಗಿ. "ಕೆಳಗಿನ ಗಾಲಿ ಕಾಣಾಕತ್ತೇತಿ."

"ಮೋಸ ಮಾಡ್ಯಾರ! ತಳ ಒಡದದ್ದು ಕೊಟ್ಟಾರ! ಡಾಂಬರ ತಗೊಂಡ ಬಾ."

ಆ ಸೀಳು ಇದ್ದದ್ದು ಹಲಗೆ ಇಳಿಬಿಡಲು, ಆ ಹಲಗೆ ಇದ್ದದ್ದು ದೋಣಿ ಪಕ್ಕಕ್ಕೆ ಜಾರದಿರಲು. ಇದು ಇಬ್ಬರಿಗೂ ಹೊಳೆಯಲಿಲ್ಲ. ಸೀಳಿಗೆ ಡಾಂಬರು ತುಂಬಿದರು. ಹಲಗೆಯನ್ನು ಶಿವಬಸವ್ವ ಒಯ್ದು ಕಾಯಿಪಲ್ಲೆ ಹೆಚ್ಚಲು ಇಟ್ಟುಕೊಂಡಳು. ಇಷ್ಟು ನುಣುಪಿನ ಮಣೆ ತನ್ನ ತವರಿನಲ್ಲೂ ಇರಲಿಲ್ಲವೆಂದು ಆಮೇಲೆ ಎಲ್ಲರಿಗೂ ಹೇಳಿದಳು.

ಹರಿದ ಹಾಯಿಗೆ ತೇಪೆ ಬೇಕಾಯಿತು. ಗೋಡೌನಿನಲ್ಲಿ ಹುಡುಕಿದಾಗ ವೇದಿಕೆಯ ಹಿಂದೆ ಕಟ್ಟುವ ಹಳೆಯ ಕೆಂಪು ಪರದೆ ಸಿಕ್ಕಿತು. ಅದರ ಮೇಲೆ ಬಂಗಾರದ ಬಣ್ಣದಲ್ಲಿ ದೊಡ್ಡದಾಗಿ 'ಶುಭ ವಿವಾಹ' ಎಂದಿತ್ತು. ಅಕ್ಷರಗಳು ಒಳಮಗ್ಗುಲಿಗೆ ಬರಲಿ ಎಂದು ಹೇಳಿ ಕಾಶಪ್ಪ ಹೊಲಿಸಿದ. ಯಾವ ಮಗ್ಗುಲು ಒಳಗಿನದು ಎಂಬುದರಲ್ಲಿ ಮಾತ್ರ ಅವನಿಗೂ ಶಾಬುದ್ದೀನನಿಗೂ ಒಮ್ಮತವಿರಲಿಲ್ಲ.

ಹಾಯಿಯ ಕೆಳಗಂಚು ಕಟ್ಟುವ ಗಿಡ್ಡ ಕೋಲಿನ ತುದಿಗೆ ಒಂದು ಹಗ್ಗವಿತ್ತು. ಅದನ್ನು ಕೈಯಲ್ಲಿ ಹಿಡಿದು ಗಾಳಿ ನೋಡಿಕೊಂಡು ಸಡಿಲಿಸಬೇಕು, ಜಗ್ಗಬೇಕು. ಹಾಯಿ ನಡೆಸುವುದೆಂದರೆ ಅದೇ. ಶಾಬುದ್ದೀನನಿಗೆ ಅನುಮಾನ ಬಂತು. "ಇದು ಕೈಯಾಗ ಹಿಡ್ಕೊಳ್ಳೂದ ಇರಬೇಕು ನೋಡ್ರಿ. ತುದಿಗಿ ಕೈಗಂಟು ಐತಿ."

"ಲೇ, ಬಟ್ಟಿ ಹಗ್ಗ ಕೈಯಾಗ ಹಿಡ್ಕೊಂಡು ನಿಲ್ಲಾಕ ನಾವೇನು ಪಟ ಹಾರ್ಸಾಕ ಬಂದೇವೇನು? ಸಡ್ಲ ಬಿಟ್ರ ಬಟ್ಟಿ ಪಟಪಟ ಅಂತೈತಿ. ಬಟ್ಟಿ ಪಟಪಟ ಅಂದ್ರ ಕಟ್ಟಿದವನ ಮರ್ಯಾದಿ ಹೋತು."

ಹಾಗೆಂದು ಅದನ್ನು ದೋಣಿಯ ಅಂಚಿಗೆ ಬಿಗಿದು ತನ್ನ ಹೆಸರುವಾಸಿ ಗಂಟು ಹಾಕಿದ. ಎರಡು ಸಲ ಹಾಕಿದ.

ಉಳಿದದ್ದು ಕಂಬ. ತಾಡಪತ್ರಿಯ ನಡುವೆ ತೂತು ಮಾಡಿ ಉದ್ದ ಕಂಬವನ್ನು ದೋಣಿಯಲ್ಲಿ ನಿಲ್ಲಿಸಿದರು, ಮೂರು ಕಡೆ ತಂತಿ ಜಗ್ಗಿ ಕಟ್ಟಿದರು. ದೋಣಿ ಮುಚ್ಚಿಹೋಗಿ ಕಂಬವೊಂದೇ ಆಕಾಶಕ್ಕೆ ನಿಂತಿತು. ಗಾಳಿ ಯಾವ ದಿಕ್ಕಿನದೆಂದು ತಿಳಿಯಲು ತುದಿಗೆ ಒಂದು ಬಟ್ಟೆಚೂರು ಬೇಕಿತ್ತು. ಕೈಗೆ ಸಿಕ್ಕದ್ದು ಅರಿಷಿಣ ಬಣ್ಣದ್ದು. ಕಂಬ ನಿಂತ ಕೂಡಲೇ ಕಾಶಪ್ಪನ ಕೈ, ಅವನನ್ನು ಕೇಳದೆಯೇ, ರೂಢಿಯ ಪ್ರಕಾರ ಬುಡಕ್ಕೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿತು. ಇಷ್ಟು ವರ್ಷ ಕಂಬಕ್ಕೆ ಹಾಗೆ ಮಾಡದೆ ಅವನು ಕೆಲಸ ಶುರುಮಾಡಿದ್ದೇ ಇಲ್ಲ.

ಈಗ ನೋಡಿ. ನಮ್ಮ ಕಡೆ ಮದುವೆಯ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲುವುದು ಹಂದರಗಂಬ. ಅದಕ್ಕೆ ಅರಿಷಿಣ, ಅದಕ್ಕೆ ಕುಂಕುಮ. ಅದು ನಿಂತಿತೆಂದರೆ ಮದುವೆ ಗಟ್ಟಿಯಾದಂತೆಯೇ. ಅದರ ಮೇಲೆ, ಹಂದರ ಹಾಕುವವರಲ್ಲಿ ಒಂದು ಕಟ್ಟುನಿಟ್ಟು ಇದೆ: ಊರಿಗೆಲ್ಲ ಕಂಬ ನೆಟ್ಟರೂ ತನ್ನ ಮನೆ ಮುಂದೆ ನೆಡುವುದಿಲ್ಲ. ನೆಟ್ಟರೆ ಅದು ತನ್ನ ಮಕ್ಕಳ ಮದುವೆಗೇ. ಇದು ಓಣಿಯ ಎಳೆಯ ಕೂಸಿಗೂ ಗೊತ್ತು. ಕಾಶಪ್ಪನಿಗೂ ಗೊತ್ತು. ಆದರೆ ಅವತ್ತು ಅವನ ಕಣ್ಣಿಗೆ ಕಂಡದ್ದು ದೋಣಿ. ಓಣಿಯ ಕಣ್ಣಿಗೆ ಕಂಡದ್ದು ಕಂಬ.

ಹಾಲು ತರಲು ಹೋಗಿದ್ದ ಹನಮಪ್ಪ ಮರಳಿ ಬಂದು ಕತ್ತೆತ್ತಿ ನಿಂತ.

"ಕಾಶಪ್ಪಾ, ಏನಿದು?"

"ಏನಿಲ್ಲೋ. ಕಂಬ."

"ಕಂಬ ಅನ್ನೂದು ಕಾಣ್ತೈತಿ. ಯಾತಕ್ಕ?"

"ಐತವಾರ ತಿಳೀತೈತಿ. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ."

ಹನಮಪ್ಪನಿಗೆ ಹಾಗೆ ಹೇಳುವುದೂ ಒಂದೇ, ಧ್ವನಿವರ್ಧಕ ಕಟ್ಟಿದ ಆಟೋ ಬಾಡಿಗೆಗೆ ಹಿಡಿಯುವುದೂ ಒಂದೇ. ಮಧ್ಯಾಹ್ನದೊಳಗೆ ಕಾಶಪ್ಪನ ಮಗಳ ಮದುವೆ ಐತವಾರ ಎಂದು ಸೆಕ್ಟರಿಗೆಲ್ಲ ತಿಳಿಯಿತು. ಯಾರಿಗೂ ಕರೆಯಿಲ್ಲ, ಲಗ್ನಪತ್ರಿಕೆಯಿಲ್ಲ, ಅದೂ ಆಷಾಢದಲ್ಲಿ! ಆಷಾಢದಲ್ಲಿ ಯಾರಾದರೂ ಮದುವೆ ಮಾಡುತ್ತಾರೆಯೇ? ಮಾಡಿದರೆ ಅವಸರವಿರಬೇಕು. ಅವಸರಕ್ಕೆ ಕಾರಣವಿರಬೇಕು. ಕಾರಣ ಏನೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಕಣ್ಣಲ್ಲೇ ಹೇಳಿಕೊಂಡರು.

ಖಾತ್ರಿ ಮಾಡಿಕೊಳ್ಳುವ ಜವಾಬ್ದಾರಿಯನ್ನು ಹನಮಪ್ಪನ ಹೆಂಡತಿ ಮರೆವ್ವ ಹೊತ್ತಳು. ಸಂಜೆ ಒಂದು ಬಟ್ಟಲು ಮಾವಿನಕಾಯಿ ಉಪ್ಪಿನಕಾಯಿ ಹಿಡಿದು ಬಂದಳು.

"ಪದ್ದಕ್ಕಾ, ಹುಳಿ ತಿನಬೇಕು ಅನಸ್ತೈತೇನವ್ವಾ ಇತ್ತಿತ್ತಲಾಗ?"

"ಅಯ್ಯ, ನನಗ ಯಾವಾಗ್ಲೂ ಅನಸ್ತೈತ್ರಿ ಕಾಕು," ಎಂದು ಪದ್ಮಶ್ರೀ ಅಲ್ಲಿಯೇ ನಿಂತು ಅರ್ಧ ಬಟ್ಟಲು ತಿಂದಳು. ಮರೆವ್ವ ಸೆರಗಿನಿಂದ ಕಣ್ಣೊರಸಿಕೊಂಡು ಹೊರಗೆ ನಡೆದಳು.

ಶನಿವಾರ ಬೆಳಿಗ್ಗೆ ಜೀಪಿನಲ್ಲಿ ಮಕ್ಕಳ ಇಲಾಖೆಯ ಮೇಲ್ವಿಚಾರಕಿ ಕಸ್ತೂರಿ ಮೇಡಂ ಬಂದಿಳಿದರು. ಮೈಸೂರು ಕಡೆಯವರು, ಬದಲಿಯಾಗಿ ಬಂದು ತಿಂಗಳಾಗಿರಲಿಲ್ಲ. ಗುಟ್ಟಾಗಿ, ಆಷಾಢದಲ್ಲಿ, ಪತ್ರಿಕೆಯಿಲ್ಲದೆ ನಡೆಯುವ ಮದುವೆ ಬಾಲ್ಯವಿವಾಹವಲ್ಲದೆ ಬೇರೆ ಏನಿರಲು ಸಾಧ್ಯ ಎಂದು ಯಾರೋ ಅವರಿಗೆ ಫೋನು ಮಾಡಿದ್ದರು.

"ವಧು ಎಲ್ಲಿದ್ದಾಳೆ? ಮಗುವನ್ನು ಮೊದಲು ನನ್ನೆದುರಿಗೆ ಕರೆತನ್ನಿ."

ಕಚೇರಿಗೆ ಹೊರಟಿದ್ದ ಪದ್ಮಶ್ರೀ ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಹೊರಗೆ ಬಂದಳು. "ಮನ್ಯಾಗಿರೂ ಮಗಳಂದ್ರ ನಾನs ನೋಡ್ರಿ ಮೇಡಂ. ಇಪ್ಪತ್ತಾರು ತುಂಬ್ಯಾವು."

ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿ ನಿರಾಶರಾದರು. ಆದರೂ ಬಿಡಲಿಲ್ಲ. "ಈ ತಾಡಪಾಲಿನ ಕೆಳಗೆ ಯಾರನ್ನು ಅಡಗಿಸಿದ್ದೀರಿ?"

"ಅಯ್ಯ ಯಾರೂ ಇಲ್ರಿ!" ಕಾಶಪ್ಪ ತಾಡಪತ್ರಿಯ ಮೇಲೆ ಅಡ್ಡ ಬಿದ್ದ. ಅಡ್ಡ ಬಿದ್ದದ್ದರಿಂದಲೇ ಅವರ ಸಂಶಯ ಗಟ್ಟಿಯಾಯಿತು. ಮೂಲೆ ಎತ್ತಿ ಇಣುಕಿದರು.

"ಇದು ದೋಣಿ."

"ಹೌದ್ರಿ. ಯಾರಿಗೂ ಹೇಳಬ್ಯಾಡ್ರಿ, ಕೈ ಮುಗೀತೇನಿ."

"ಮದುವೆಗೆ ದೋಣಿ ಯಾತಕ್ಕೆ?"

"ಮದುವಿನs ಇಲ್ರೀ."

"ಮದುವೆ ಇಲ್ಲವೆಂದರೆ ಹಂದರಗಂಬ ಏಕೆ ನೆಟ್ಟಿದ್ದೀರಿ?"

"ಅದು ದೋಣಿ ಕಂಬರೀ."

"ಹಾಗಾದರೆ ಕುಂಕುಮ?"

"ಅದು ಕೈ ರೂಢಿರೀ!"

ಮೇಡಂ ಬಹಳ ಹೊತ್ತು ಕಂಬವನ್ನೇ ನೋಡಿದರು. ಆಮೇಲೆ ಡ್ರೈವರನಿಗೆ ತಲೆನೋವಿನ ಗುಳಿಗೆ ತರಲು ಹೇಳಿ ಜೀಪು ಹತ್ತಿದರು. ಈ ಜಿಲ್ಲೆಯ ಬಗ್ಗೆ ತಮಗೆ ಸರಿಯಾದ ತರಬೇತಿ ಕೊಟ್ಟಿಲ್ಲವೆಂದು ಅವರಿಗೆ ಅನಿಸಿರಬೇಕು.

ಸಂಜೆಯ ಬಸ್ಸಿಗೆ ಇಳಕಲ್ಲಿನಿಂದ ಕಾಶಪ್ಪನ ಅಕ್ಕ ದಾನೇಶ್ವರಿ ಬಂದಳು. ಒಂದು ಕೈಯಲ್ಲಿ ಮುಯ್ಯಿಗೆಂದು ತಂದ ಕೆಂಪು ಸೆರಗಿನ ಇಳಕಲ್ಲ ಸೀರೆ, ಇನ್ನೊಂದರಲ್ಲಿ ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ತಂದ ಕರದಂಟು. ಎರಡನ್ನೂ ಕಟ್ಟೆಯ ಮೇಲಿಟ್ಟು, ಕೈ ಖಾಲಿ ಮಾಡಿಕೊಂಡು ಅಳತೊಡಗಿದಳು.

"ನನ್ನ ಮಗಗ ಹುಡುಗೀನ್ನ ಕೊಡಲಿಲ್ಲ, ಹೋಗ್ಲಿ, ನಾ ಏನೂ ಅಂದಿಲ್ಲ. ಕಂಬ ನೆಡೂದರ ಸ್ವಂತ ಸೋದರತ್ತಿಗಿ ಹೇಳಬಾರದೇನೋ ಕಾಶ್ಯಾ? ಹನಮಪ್ಪನ ಬಾಯಿಂದ ಕೇಳಬೇಕಾತಲ್ಲೋ!"

"ಅಕ್ಕಾ, ನಿನ್ನಾಣಿಗೂ ಲಗ್ನ ಇಲ್ಲ. ಅದು ದೋಣಿ ಕಂಬ."

ದಾನೇಶ್ವರಿ ಅಳು ನಿಲ್ಲಿಸಿದಳು. "ಗಂಡಸೂರು ಸುಳ್ಳು ಹೇಳೂದಕ್ಕೂ ಒಂದು ಮಿತಿ ಇರಬೇಕು," ಎಂದಳು. ಮತ್ತೆ ಅಳತೊಡಗಿದಳು.

ಅಷ್ಟರಲ್ಲಿ ಫೋನು ಬಂತು. ಹುನಗುಂದದ್ದು.

"ಕಾಶಪ್ನವರ," ಮಹಾಂತಪ್ಪನವರ ದನಿ ಬ್ಯಾಂಕಿನ ದನಿಯಾಗಿತ್ತು, "ಮಗಳನ್ನ ಬ್ಯಾರೆ ಕಡಿ ಕೊಟ್ಟೀರಂತ. ಹಂದರಗಂಬ ನೆಟ್ಟೀರಂತ. ನಮಗೊಂದು ಮಾತು ಹೇಳಿದ್ರ ನಾವೇನು ಬ್ಯಾಡ ಅಂತಿದ್ವೇನು?"

"ಅಯ್ಯೋ ಇಲ್ರೀ ಬೀಗರ! ಅದು ನಮ್ಮ ದೋಣಿ ಕಂಬರೀ!"

"ಯಾವ ದೋಣಿ?"

"ಅದs ರೀ, ಗೋಡೌನಿನಾಗಿತ್ತಲ್ರಿ..."

ಮಹಾಂತಪ್ಪ ನಕ್ಕರು. ಒಳ್ಳೆಯ ನಗೆಯಲ್ಲ. "ಕೇಳ್ರಿ, ನಾ ಮ್ಯಾನೇಜರ ಇದ್ದಾಗ ಭಾಳ ಮಂದಿ ನನಗ ಸುಳ್ಳು ಹೇಳ್ಯಾರ. ಆದ್ರ ಒಂದು ಸುಳ್ಳು ಮುಚ್ಚಾಕ ಅದs ಸುಳ್ಳು ತಿರುಗಿ ತಂದವರನ್ನ ನೋಡಿದ್ದಿಲ್ಲ. ನಾಳೆ ಬರ್ತೇನಿ. ಕಣ್ಣಾರೆ ಕಂಬ ನೋಡಿ, ಅಲ್ಲಿಂದನs ತಿರುಗಿ ಹೋಗ್ತೇನಿ."

ಫೋನು ಕಟ್ಟಾಯಿತು. ಬಾಗಿಲ ಹಿಂದೆ ನಿಂತು ಕೇಳಿದ್ದ ಪದ್ಮಶ್ರೀ ಅಳಲಿಲ್ಲ. ಅವಳ ಮುಖ ಸಣ್ಣದಾಗಿತ್ತು.

"ಅಪ್ಪಾ, ನಾ ಅವರನ್ನ ಬಿಟ್ಟು ಬ್ಯಾರೆಯವರನ್ನ ಆಗೂದಿಲ್ಲ. ಇಷ್ಟು ನಿನಗ ತಿಳಿದ್ರ ಸಾಕು," ಎಂದು ಒಳಗೆ ಹೋದಳು.

ಕಾಶಪ್ಪನಿಗೆ ಆ ಮಾತು ಎದೆಗೆ ನಾಟಿತು. ಊರ ಹೆಣ್ಣುಮಕ್ಕಳಿಗೆಲ್ಲ ಹಂದರ ಹಾಕಿದವನು, ಸ್ವಂತ ಮಗಳ ಹಂದರವನ್ನು ತಾನೇ ಕಿತ್ತು ಹಾಕಿದೆನಲ್ಲ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು. ಅವತ್ತು ಕರದಂಟಿಗೂ ಕೈ ಹಚ್ಚಲಿಲ್ಲ.

ಐತವಾರ ಆಷಾಢದ ಗಾಳಿ ಬೆಳಗಾಗುವ ಮೊದಲೇ ಎದ್ದಿತ್ತು. ಅದಕ್ಕಿಂತ ಮೊದಲು ದಾನೇಶ್ವರಿ ಎದ್ದಿದ್ದಳು. ಕಂಬ ನೆಟ್ಟ ಮೇಲೆ ಪೂಜೆಯಿಲ್ಲದೆ ಬಿಟ್ಟರೆ ಮನೆಗೆ ಕೇಡು, ತಮ್ಮ ಮೂರ್ಖನಾದರೆ ತಾನೂ ಆಗಬೇಕೇ ಎಂದು ಓಣಿಯ ಐದು ಮಂದಿ ಮುತ್ತೈದೆಯರನ್ನು ಕೂಡಿಸಿದಳು. ಕಾಶಪ್ಪ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಕಂಬಕ್ಕೆ ಅರಿಷಿಣ ಮೆತ್ತಿ, ಬೇವಿನ ಟೊಂಗೆ ಕಟ್ಟಿ, ಕಂಕಣ ಸುತ್ತಿ ಆಗಿತ್ತು, ಮರೆವ್ವ ಸೋಬಾನೆ ಪದ ಎತ್ತಿಕೊಂಡಿದ್ದಳು. ಕರೆಯಿಲ್ಲದ ಮದುವೆ ನೋಡಲು ಇಡೀ ಓಣಿ ನೆರೆದಿತ್ತು.

"ನಿಲ್ಲಸ್ರೀ!" ಎಂದು ಕಾಶಪ್ಪ ಕೂಗಿದ. "ಯಾರ ಲಗ್ನ? ಎಲ್ಲಿ ಲಗ್ನ? ಶಾಬ್ಯಾ, ತಗಿ ತಾಡಪತ್ರಿ! ನೋಡಲಿ ಎಲ್ಲಾರೂ!"

ತಾಡಪತ್ರಿ ಕಂಬದ ತೂತಿನಲ್ಲಿ ಹರಿದು ಕೆಳಗೆ ಬಿತ್ತು. ದೋಣಿ ಕಂಡಿತು. ಜನ ಬಾಯಿಮೇಲೆ ಕೈಯಿಟ್ಟುಕೊಂಡರು. ಮದುವೆಮನೆಯಲ್ಲಿ ಅವರು ಏನೇನೋ ನೋಡಿದ್ದರು, ದೋಣಿ ನೋಡಿರಲಿಲ್ಲ.

"ಹುಡುಗನ ಕಡಿಯವರು ಕೇಳಿರಬೇಕು," ಎಂದ ಒಬ್ಬ. "ಈಗೆಲ್ಲಾ ಕಾರ ಬಿಟ್ಟು ಇದನ್ನ ಕೇಳಾಕತ್ತಾರೇನು?"

"ವರದಕ್ಷಿಣಿ ಅಲ್ರೋ! ಇದು ದೋಣಿ! ಇದು ದೋಣಿ ಕಂಬ! ಹಾಯಿ ಏರಿಸಿ ತೋರಸ್ತೇನಿ!" ಕಾಶಪ್ಪ ಧೋತರ ಎತ್ತಿಕಟ್ಟಿ ದೋಣಿ ಹತ್ತಿದ. ಶಾಬುದ್ದೀನ ಹಗ್ಗ ಜಗ್ಗಿದ. ಹಾಯಿ ಕಿರುಗುಡುತ್ತ ಕಂಬದ ತುದಿಗೇರಿ ಬಿಚ್ಚಿಕೊಂಡಿತು. ಜನರ ಕಡೆಗಿದ್ದ ಮಗ್ಗುಲಲ್ಲಿ, ಬಂಗಾರದ ಅಕ್ಷರದಲ್ಲಿ, ಮೊಳದುದ್ದ ಬರೆದಿತ್ತು: ಶುಭ ವಿವಾಹ.

ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು.

ಆಗಲೇ ದಾನೇಶ್ವರಿಗೆ ಕಾಯಿ ಒಡೆಯಲು ಕಲ್ಲು ಬೇಕಾಯಿತು. ಅತ್ತಿತ್ತ ನೋಡಿದಳು. ಗಾಡಿಯ ಗಾಲಿಯ ಬುಡದಲ್ಲಿ ಹೇಳಿ ಮಾಡಿಸಿದಂಥ ಗುಂಡುಕಲ್ಲು ಕಂಡಿತು. ಬಗ್ಗಿ ಎತ್ತಿಕೊಂಡಳು.

ನವನಗರದ ರಸ್ತೆಗಳು ಅಗಲ, ನೇರ. ಅಲ್ಲಿಂದ ಮುಂದೆ ಸಣ್ಣ ಇಳಿಜಾರೂ ಇತ್ತು. ಗಾಲಿಗೆ ಗ್ರೀಸಿತ್ತು. ಬಟ್ಟೆ ಸ್ವಲ್ಪವೂ ಸಡಿಲವಾಗದಂತೆ ಕಟ್ಟಿತ್ತು. ಗಾಳಿ ಒಮ್ಮೆ ಹಾಯಿಗೆ ಹೆಗಲು ಕೊಟ್ಟಿತು, ಅಷ್ಟೇ. ಬಾಗಲಕೋಟೆಯ ಹಂದರದ ಕಾಶಪ್ಪ ನೀರಿಲ್ಲದೆ ಹಾಯಿ ಬಿಟ್ಟ.

"ಶಾಬ್ಯಾ! ಹಿಡೀಲೇ!"

"ಹಿಡದೇನ್ರಿ! ಅದs ನನ್ನ ಎಳಕೊಂಡು ಹೊಂಟೈತ್ರಿ!" ಶಾಬುದ್ದೀನ ಚುಕ್ಕಾಣಿ ಹಿಡಿದು ಜೋತುಬಿದ್ದಿದ್ದ. ಅವನ ಚಪ್ಪಲಿಗಳು ಒಂದೊಂದಾಗಿ ಹಿಂದೆ ಉಳಿದವು.

ದೋಣಿಯ ಹಿಂದೆ ಆರತಿ ತಾಟು ಹಿಡಿದ ಮುತ್ತೈದೆಯರು, ಅವರ ಹಿಂದೆ ಓಣಿಯ ಗಂಡಸರು, ಅವರ ಹಿಂದೆ ನಾಯಿಗಳು. ಹನಮಪ್ಪನ ಕೈ ತಾನಾಗಿ ಕಿಸೆಯಲ್ಲಿದ್ದ ಹಳೆಯ ಸೀಟಿಗೆ ಹೋಯಿತು. ನಿಲ್ಲಿಸಲು ಒಂದು ಸಲ ಊದಬೇಕು, ಹೊರಡಲು ಎರಡು ಸಲ. ಗಾಬರಿಯಲ್ಲಿ ಎರಡು ಸಲ ಊದಿದ. ದೋಣಿ ಇನ್ನೂ ಜೋರಾಗಿ ಹೋಯಿತು.

"ಹಗ್ಗ ಬಿಚ್ಚೋ ಕಾಶ್ಯಾ!" ಎಂದು ದಾನೇಶ್ವರಿ ಚೀರಿದಳು.

ಕಾಶಪ್ಪ ಗಂಟಿಗೆ ಕೈ ಹಾಕಿದ. ಉಗುರಿನಿಂದ ಕೆದಕಿದ, ಹಲ್ಲಿನಿಂದ ಕಚ್ಚಿದ. ಅದು ಕಾಶಪ್ಪನ ಗಂಟು. ಅಂಥ ಹೊತ್ತಿನಲ್ಲೂ, ಹೇಳಲು ನಾಚಿಕೆ, ಅವನಿಗೆ ಚೂರು ಹೆಮ್ಮೆಯಾಯಿತು.

ಅಷ್ಟರಲ್ಲಿ ಎದುರಿನ ತಿರುವಿನಿಂದ ಒಂದು ಬಿಳಿಯ ಕಾರು ಹೊರಳಿತು. ಹುನಗುಂದದ ಕಾರು. ಮುಂದಿನ ಸೀಟಿನಲ್ಲಿ ಮಹಾಂತಪ್ಪನವರು ಮುಖ ಬಿಗಿದು ಕೂತಿದ್ದರು, ಮಗ ಕಾರು ನಡೆಸುತ್ತಿದ್ದ. ಕಾರು ಗಕ್ಕನೆ ನಿಂತಿತು. ಮಹಾಂತಪ್ಪ ಇಳಿದು, ರಸ್ತೆಯ ನಡುವೆ ನಿಂತು, ತಮ್ಮ ಕಡೆಗೇ ಬರುತ್ತಿರುವ ಬಿಳಿ ಹಾಯಿ, ಬಂಗಾರದ ಅಕ್ಷರ, ಕಂಬ ತಬ್ಬಿಕೊಂಡ ಕಾಶಪ್ಪ, ಹಿಂದೆ ಬರುವ ಆರತಿ, ಎಲ್ಲವನ್ನೂ ನೋಡಿದರು. ಓಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಗಾಡಿಯ ಮುಂದಿನ ಗಾಲಿ ರಸ್ತೆಯುಬ್ಬಿಗೆ ಬಡಿಯಿತು. ಗಾಡಿ ನಿಂತಿತು, ದೋಣಿ ನಿಲ್ಲಲಿಲ್ಲ. ಅದು ಗಾಡಿಯಿಂದ ಜಾರಿ, ಯಾರೋ ಮನೆ ಕಟ್ಟಲು ಸುರಿಸಿದ್ದ ಉಸುಕಿನ ಗುಡ್ಡೆಗೆ ಮೂಗು ತೂರಿಸಿ, ಮಹಾಂತಪ್ಪನವರ ಮೊಣಕಾಲಿಗೆ ಗೇಣು ದೂರದಲ್ಲಿ ಸುಮ್ಮನಾಯಿತು. ಕಂಬ ಅಲುಗಿರಲಿಲ್ಲ. ಎಲ್ಲರೂ ಸುತ್ತ ಬಂದು ನಿಂತರು. ಪದ್ಮಶ್ರೀ ಏದುಸಿರು ಬಿಡುತ್ತ ಮುಂದೆ ಬಂದಳು.

ಮಹಾಂತಪ್ಪ ಮೆಲ್ಲಗೆ ಕೈ ಚಾಚಿ ದೋಣಿಯನ್ನು ಮುಟ್ಟಿ ನೋಡಿದರು.

"ಇದು ದೋಣಿ."

"ಹೌದ್ರಿ," ಎಂದ ಕಾಶಪ್ಪ, ಬಾಯೊಳಗಿನ ಹಗ್ಗದ ನಾರು ಉಗುಳುತ್ತ.

"ಖರೇನs ದೋಣಿ!" ಮಹಾಂತಪ್ಪ ಮಗನ ಕಡೆ ತಿರುಗಿದರು. "ಲೇ ಶಿವಪ್ರಕಾಶ, ದೋಣಿ ಇಲ್ಲ ಅಂದಿದ್ದೆಲ್ಲೋ!"

ಶಿವಪ್ರಕಾಶ ಪದ್ಮಶ್ರೀಯ ಮುಖ ನೋಡಿದ. ಪದ್ಮಶ್ರೀ ನೆಲ ನೋಡಿದಳು. "ಅಪ್ಪಾ, ನೀ ಅಂದ ದಿನಾನs ನಾ ಇವರಿಗೆ ಖರೆ ಹೇಳಿಬಿಟ್ಟಿದ್ದೆ," ಎಂದಳು. "ನಮ್ಮ ಮನ್ಯಾಗ ದೋಣಿ ಇಲ್ಲ, ಅಪ್ಪ ಬಾಯಿ ತಪ್ಪಿ ಅಂದಾನ, ಮನಸ್ಸಿಗಿ ಹಚ್ಚಿಕೋಬ್ಯಾಡ್ರಿ ಅಂತ."

"ನಾನೂ ಮನಸ್ಸಿಗಿ ಹಚ್ಚಿಕೊಂಡಿದ್ದಿಲ್ರಿ," ಎಂದರು ಮಹಾಂತಪ್ಪ. "ಐತವಾರ ಬಂದ್ರ ಏನು ನೆವ ಹೇಳ್ತಾರ, ಕೇಳಿ ನಕ್ಕು ಒಪ್ಪಿಗಿ ಕೊಟ್ಟರಾತು ಅಂತ ಇದ್ದೆ. ನಿನ್ನೆ ಹನಮಪ್ಪ ಕಂಬದ ಸುದ್ದಿ ಹೇಳಿದ. ನಿಮಗ ಫೋನ ಹಚ್ಚಿದ್ರ ಇಲ್ಲದ ದೋಣಿ ಕಂಬ ಅಂದ್ರಿ. ನಂಬೂದು ಹೆಂಗ್ರೀ? ಈಗ ನೋಡಿದ್ರ ಇಲ್ಲದ ದೋಣಿ ನನ್ನ ಮೈಮ್ಯಾಲ ಬಂತಲ್ರಿ!"

ಕಾಶಪ್ಪ ಕಂಬ ಬಿಟ್ಟು ಉಸುಕಿನ ಮೇಲೆ ಇಳಿದ. ಇನ್ನು ಹೇಳುವುದೇನೂ ಉಳಿದಿರಲಿಲ್ಲ, ಆದರೂ ಹೇಳಿದ. "ತಪ್ಪು ನಂದs ರೀ. ಸುಳ್ಳು ಹೇಳಿದೆ. ಆಮ್ಯಾಲ, ನನ್ನ ಸಲುವಾಗಿ ನಿಮ್ಮ ಮನ್ಯಾಗ ಮಗಳ ಮಾತು ಸಣ್ಣದಾಗಬಾರದು ಅಂತ, ಕೋಳಿಗೂಡಿನ್ಯಾಗಿಂದ ಇದನ್ನ ಎಬ್ಬಿಸಿ ತಂದೆ. ಹುಡುಗಿಯದು ಏನೂ ತಪ್ಪಿಲ್ರಿ."

ಮಹಾಂತಪ್ಪನವರ ಮೀಸೆ ಒಮ್ಮೆ ನಡುಗಿತು. ಬಂದು ಕಾಶಪ್ಪನ ಹೆಗಲ ಮೇಲಿನ ಉಸುಕು ಝಾಡಿಸಿದರು.

"ಮಗಳ ಮಾತಿನ ಸಲುವಾಗಿ ದೋಣಿ ಹುಡುಕಿ ತಂದವರು ನೀವು. ಅಪ್ಪನ ಮಾತು ಬದಿಗಿಟ್ಟು ಖರೆ ಹೇಳಿದಾಕಿ ನಿಮ್ಮ ಮಗಳು. ಈ ಸಂಬಂಧ ನಾ ಬಿಡೂದಿಲ್ರಿ ಬೀಗರ."

ಓಣಿಗೆ ಇದೇ ಸಾಕಿತ್ತು. ಆದರೆ ದಾನೇಶ್ವರಿಗೆ ಸಾಕಿರಲಿಲ್ಲ. ಗುಂಡುಕಲ್ಲು ಕೈಯಲ್ಲಿ ಹಿಡಿದುಕೊಂಡೇ ಮುಂದೆ ಬಂದಳು.

"ಮಾತು ಆಮ್ಯಾಲ. ಮೊದಲ ಇದನ್ನ ಕೇಳ್ರಿ. ದೋಣಿದs ಇರಲಿ, ಹಂದರದ್ದs ಇರಲಿ, ಐದು ಮಂದಿ ಮುತ್ತೈದ್ಯಾರು ಕಂಕಣ ಕಟ್ಟಿ ಪೂಜಿ ಮಾಡಿದ ಕಂಬ ಇದು. ಮನ್ಯಾಗ ಲಗ್ನ ಆಗೂತನಕ ಕೀಳೂಹಂಗಿಲ್ಲ. ಯಾವಾಗ ಮಾಡ್ತೀರಿ?"

ಮಹಾಂತಪ್ಪ ಕಲ್ಲನ್ನು ನೋಡಿದರು, ಕಂಬವನ್ನು ನೋಡಿದರು. "ಶ್ರಾವಣದಾಗ ಮಾಡೂಣ್ರಿ. ಮೊದಲನೇ ಮುಹೂರ್ತಕ್ಕ."

"ಹಂಗಾದ್ರ ಎಲ್ಲಾರೂ ಕೈ ಹಚ್ಚರಿ. ಕಂಬ ಮನಿ ಮುಂದಿರಬೇಕು, ಉಸುಕಿನ್ಯಾಗಲ್ಲ."

ಹಾಗೆ ಬೀಗರೂ ಓಣಿಯವರೂ ಕೂಡಿ ದೋಣಿಯನ್ನು ಮತ್ತೆ ಗಾಡಿಗೇರಿಸಿದರು. ಕುಡಗೋಲು ತಂದು ಹಾಯಿಯ ಹಗ್ಗ ಕೊಯ್ದರು. ಏರಿನಲ್ಲಿ ತಳ್ಳುವಾಗ ಶಿವಪ್ರಕಾಶನೂ ಪದ್ಮಶ್ರೀಯೂ ಒಂದೇ ಮಗ್ಗುಲಿಗೆ ಕೈಕೊಟ್ಟರು. ಆ ಮಗ್ಗುಲು ಒಂದಿಷ್ಟೂ ಮುಂದೆ ಹೋಗಲಿಲ್ಲ, ಯಾರೂ ಬಯ್ಯಲಿಲ್ಲ. ಮಹಾಂತಪ್ಪ ಬೆವರೊರಸಿಕೊಳ್ಳುತ್ತ ಕಾಶಪ್ಪನ ಕಿವಿಯ ಹತ್ತಿರ ಬಂದರು.

"ಬೀಗರ, ಲಗ್ನ ಆದಮ್ಯಾಲ ಇದನ್ನ ನೀರಿಗಿ ಬಿಡಬೇಕಂತೀರೇನು?"

ಕಾಶಪ್ಪ ಸುತ್ತ ನೋಡಿ, ದನಿ ತಗ್ಗಿಸಿ, ತನ್ನ ದೊಡ್ಡ ಗುಟ್ಟನ್ನು ಹೊರಹಾಕಿದ. "ಖರೆ ಹೇಳ್ತೇನ್ರಿ, ಯಾರ ಮುಂದೂ ಹೇಳಬ್ಯಾಡ್ರಿ. ನನಗ ದೋಣಿ ನಡಸಾಕ ಬರೂದಿಲ್ಲ."

ಮಹಾಂತಪ್ಪ ತಳ್ಳುವುದನ್ನು ನಿಲ್ಲಿಸಿ ಅವನನ್ನು ನೋಡಿದರು. ಹಿಂದೆ ರಸ್ತೆಯುದ್ದಕ್ಕೂ ಚೆಲ್ಲಿದ್ದ ಆರತಿಯ ಕುಂಕುಮ, ಶಾಬುದ್ದೀನನ ಚಪ್ಪಲಿ, ಇನ್ನೂ ನಗು ತಡೆಯಲಾರದ ಜನ, ಎಲ್ಲವನ್ನೂ ನೋಡಿದರು.

"ಇಲ್ಲ ಬಿಡ್ರಿ," ಎಂದರು ಬಹಳ ಗಂಭೀರವಾಗಿ, "ಯಾರ ಮುಂದೂ ಹೇಳೂದಿಲ್ಲ."